ಎತ್ತಬಾರದ ಫೋನು

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ನನ್ನ ತಮ್ಮನ ಫೋನು ಬಂದರೆ ಎತ್ತಬಾರದು. ಪಕ್ಕದ ಮನೆಯಾಕೆ ಇದನ್ನು ಬೀದಿಗೆಲ್ಲ ಹೇಳಿಕೊಂಡು ನಗಾಡುತ್ತಿದ್ದಳು. ಎಲ್ಲರ ಮನೆಯಲ್ಲೂ ಹುಡುಗ ಫೋನು ಮಾಡುವುದಿಲ್ಲವೆಂದು ಗೋಳು, ಇವರ ಮನೆಯಲ್ಲಿ ಮಾಡಿದರೂ ಮುಟ್ಟುವುದಿಲ್ಲ ಎಂದು. ನಗುವವರು ನಗಲಿ ಎಂದು ನಾನು ಸುಮ್ಮನಿದ್ದೆ. ಕಟ್ಟಳೆ ಮಾಡಿದವರು ನಮ್ಮಪ್ಪ. ಅಪ್ಪನ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಇದುವರೆಗೆ ಕಂಡಿಲ್ಲ.

ಅಪ್ಪ ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂದು ಚಿನ್ನದ ಗಣಿಗೆ ಸೇರಿ, ಅದನ್ನು ಮುಚ್ಚುವ ದಿನದವರೆಗೂ ಇಳಿದು ಹತ್ತಿದವರು. ಈಗಲೂ ನಾವಿರುವುದು ಉರಿಗಾಂನಲ್ಲಿ, ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಅದೇ ಹಳೆಯ ಲೈನ್ ಮನೆಯಲ್ಲಿ. ಗಣಿಗೆ ಇಳಿಯುವ ಪ್ರತಿಯೊಬ್ಬನೂ ಹಲಗೆಯ ಮೇಲಿನ ಮೊಳೆಯಿಂದ ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ತೆಗೆದುಕೊಂಡು ಹೋಗಬೇಕಿತ್ತು. ಮೇಲೆ ಬಂದ ಕೂಡಲೇ ಅದನ್ನು ಮತ್ತೆ ತಗುಲಿಹಾಕಬೇಕಿತ್ತು. ಪಾಳಿ ಮುಗಿದ ಮೇಲೂ ಒಂದು ಮೊಳೆ ಬರಿದಾಗಿ ಉಳಿದರೆ ಒಬ್ಬ ಮನುಷ್ಯ ಇನ್ನೂ ನೆಲದಡಿಯಲ್ಲಿದ್ದಾನೆ ಎಂದು ಅರ್ಥ. ಕೆಲವರು ಬಿಲ್ಲೆಯನ್ನು ಜೇಬಿನಲ್ಲೇ ಮರೆತು ನೇರವಾಗಿ ಸಾರಾಯಿ ಅಂಗಡಿಗೆ ಹೋಗಿ ಕೂರುತ್ತಿದ್ದರಂತೆ. ಅಂಥವರ ಹೆಂಡತಿಯರು ಗಣಿಯ ಬಾಯಲ್ಲಿ ಎದೆ ಬಡಿದುಕೊಂಡು ಅತ್ತು, ಆಮೇಲೆ ಮನೆಗೆ ಬಂದು ಗಂಡನಿಗೆ ಪೊರಕೆ ಸೇವೆ ಮಾಡುತ್ತಿದ್ದರೆಂದು ಅಪ್ಪ ಹೇಳುತ್ತಿದ್ದರು.

ನನ್ನ ತಮ್ಮ ಅರೆಸೇನಾ ಪಡೆಗೆ ಸೇರಿ ಉತ್ತರದ ಕಾಡು ಸೀಮೆಗೆ ಹೋದಾಗ ಅಪ್ಪ ಈ ಪದ್ಧತಿಯನ್ನು ಅವನ ಕೊರಳಿಗೂ ಕಟ್ಟಿದರು. ಅವನದು ಬಂಡುಕೋರರನ್ನು ಹುಡುಕಿಕೊಂಡು ಮೂರು ನಾಲ್ಕು ದಿನ ಕಾಡಿನೊಳಗೆ ನಡೆಯುವ ಕೆಲಸ. ಫೋನನ್ನು ಕ್ಯಾಂಪಿನಲ್ಲೇ ಬಿಟ್ಟು ಹೋಗಬೇಕು. ಹೊರಡುವ ಮುಂಚೆ ಒಂದು ಮಿಸ್ಡ್ ಕಾಲ್ ಕೊಡು, ವಾಪಸು ಬಂದ ಮೇಲೆ ಎರಡು ಕೊಡು, ಮಾತು ಬೇಡ ಎಂದರು ಅಪ್ಪ. ಎತ್ತಿ ಮಾತಾಡಿದರೆ ಹೊರಟವನನ್ನು ಹಿಂದಿನಿಂದ ಕೂಗಿದ ಹಾಗಾಗುತ್ತದೆ ಎಂಬುದು ಅವರ ಲೆಕ್ಕ. ಮಾತಾಡಬೇಕಾದರೆ ಭಾನುವಾರ ತಾವೇ ಮಾಡುತ್ತಿದ್ದರು. ಬಾಗಿಲ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದು, ಗಣಿ ಮುಚ್ಚಿದಾಗ ಯಾರೂ ಕೇಳಿ ಪಡೆಯದ ತಮ್ಮ ಹಳೆಯ ಬಿಲ್ಲೆಯನ್ನು ಅದಕ್ಕೆ ತಗುಲಿಹಾಕಿದ್ದರು. ಒಂದು ಮಿಸ್ಡ್ ಕಾಲ್ ಬಂದರೆ ಅದನ್ನು ತೆಗೆದು ಅಂಗಿ ಜೇಬಿಗೆ ಇಟ್ಟುಕೊಳ್ಳುವರು. ಎರಡು ಬಂದ ಮೇಲೆ ಮತ್ತೆ ಮೊಳೆಗೆ. ನಡುವಿನ ದಿನಗಳಲ್ಲಿ ಅವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಮಾತು ಮಾತಿಗೂ ನನ್ನ ಮೇಲೆ ಹರಿಹಾಯುತ್ತಿದ್ದರು. ನಾನೇನು ಕಮ್ಮಿಯಿಲ್ಲ, ನಾನೂ ತಿರುಗಿಸಿ ಕೊಡುತ್ತಿದ್ದೆ.

ಅವನನ್ನು ಆ ಕೆಲಸಕ್ಕೆ ಹಾಕಿದವಳು ನಾನು. ಇದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಎದುರು ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಅರ್ಜಿ ತುಂಬುವ ಕೆಲಸ ಮಾಡುತ್ತೇನೆ. ಸುತ್ತಲಿನ ಹಳ್ಳಿಗಳ ಹುಡುಗರು ಪೊಲೀಸು, ರೈಲ್ವೆ, ಸೈನ್ಯ ಎಂದು ಬಂದು ನನ್ನ ಮುಂದೆ ಸಾಲು ನಿಲ್ಲುತ್ತಾರೆ. ತಮ್ಮನ ಅರ್ಜಿಯನ್ನು ತುಂಬಿದ್ದೂ ನಾನೇ, ಸಹಿ ಮಾಡು ಎಂದು ಕೈ ಹಿಡಿದು ಕೂರಿಸಿದ್ದೂ ನಾನೇ. ಓಟದ ಪರೀಕ್ಷೆಗೆ ಅವನನ್ನು ಆರು ತಿಂಗಳು ಗಣಿಯ ಬೂದಿ ದಿಬ್ಬದ ಮೇಲೆ ಓಡಿಸಿದೆ. ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಹುಡಿ ಸುರಿದ ದಿಬ್ಬ ಅದು, ನಮ್ಮೂರಲ್ಲಿ ಸೈನೈಡ್ ದಿಬ್ಬ ಎನ್ನುತ್ತಾರೆ. ಅದರ ಹುಡಿಯಲ್ಲಿ ಕಾಲು ಹೂತುಹೋಗುತ್ತದೆ, ಅಲ್ಲಿ ಓಡಿದವನಿಗೆ ಮೈದಾನ ಲೆಕ್ಕಕ್ಕೇ ಇಲ್ಲ. ನಾನು ಕೆಳಗೆ ನಿಂತು ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿದ್ದೆ. ಅವನು ಏದುಸಿರು ಬಿಡುತ್ತ ಇಳಿದು ಬಂದರೆ ಇನ್ನೊಂದು ಸುತ್ತು ಎನ್ನುತ್ತಿದ್ದೆ. ಅಮ್ಮ ಹೋದಾಗ ಅವನಿಗೆ ಆರು ವರ್ಷ, ಆವತ್ತಿನಿಂದ ಅವನನ್ನು ಬೈಯುವ ಹಕ್ಕು ನನ್ನದೆಂದು ನಾನು ತಿಳಿದಿದ್ದೆ.

ಆ ಹಕ್ಕನ್ನು ಒಂದು ಸಲ ಜಾಸ್ತಿಯೇ ಬಳಸಿದೆ. ಅದು ನಾನೀಗ ಹೇಳಹೊರಟ ಗುರುವಾರಕ್ಕೆ ಮೂರು ತಿಂಗಳ ಹಿಂದೆ. ಅವನು ರಜೆಗೆ ಬಂದಿದ್ದ. ಮಾತಾಡದೆ, ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಿದ್ದ. ಒಂದು ದಿನ ಕೆಲಸ ಬಿಡುತ್ತೇನೆ ಎಂದ. ನನಗೆ ಪಿತ್ತ ನೆತ್ತಿಗೇರಿತು. ಬಿಟ್ಟು ಬಂದು ದಿಬ್ಬದ ಮೇಲೆ ಕೂತು ಇಸ್ಪೀಟು ಆಡುತ್ತೀಯಾ, ಗಂಡಸಾಗಿ ನಾಚಿಕೆಯಾಗುವುದಿಲ್ಲವಾ, ಅಪ್ಪ ಎಷ್ಟು ವರ್ಷ ಬಂಡೆಯ ಕೆಳಗೆ ಕೆಲಸ ಮಾಡಲಿಲ್ಲವಾ ಎಂದೆಲ್ಲ ಅಂದೆ. ಅವನು ಮಾರನೆಯ ದಿನವೇ ಬಟ್ಟೆ ಕಟ್ಟಿಕೊಂಡು ಹೊರಟ. ಆಮೇಲೆ ನನಗೆ ಒಂದು ಫೋನೂ ಮಾಡಲಿಲ್ಲ, ನಾನು ಮಾಡಿದರೆ ಎತ್ತಲಿಲ್ಲ. ಅವನ ಸುದ್ದಿ ನನಗೆ ಗೊತ್ತಾಗುತ್ತಿದ್ದದ್ದು ಗೋಡೆಯ ಆ ಮೊಳೆಯಿಂದ ಮಾತ್ರ.

ಆವತ್ತು ಗುರುವಾರ. ಸೋಮವಾರ ಬೆಳಗ್ಗೆ ಒಂದು ಮಿಸ್ಡ್ ಕಾಲ್ ಬಂದಿತ್ತು, ಬಿಲ್ಲೆ ಅಪ್ಪನ ಜೇಬಿನಲ್ಲಿತ್ತು. ನಾನು ಎಂದಿನಂತೆ ಮರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ರೈಲು ಹತ್ತಿ ಬಂಗಾರಪೇಟೆಗೆ ಬಂದೆ. ಹತ್ತೂವರೆಯ ಹೊತ್ತಿಗೆ ಯಾರದೋ ಜಾತಿ ಪ್ರಮಾಣಪತ್ರ ಸ್ಕ್ಯಾನ್ ಮಾಡುತ್ತಿದ್ದೆ. ಎದುರಿನ ಟೀ ಅಂಗಡಿಯ ಟಿವಿ ಮುಂದೆ ನಾಲ್ಕು ಜನ ಲೋಟ ಹಿಡಿದು ನಿಂತಿರುವುದು ಕಾಣಿಸಿತು. ಕ್ರಿಕೆಟ್ ಇರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ ಪರದೆಯ ತುಂಬ ಕಾಡು, ಹೆಲಿಕಾಪ್ಟರು, ಕೆಳಗೆ ಕೆಂಪು ಪಟ್ಟಿಯಲ್ಲಿ ಓಡುವ ಅಕ್ಷರ. ಯೋಧರಿಗೂ ಬಂಡುಕೋರರಿಗೂ ಗುಂಡಿನ ಚಕಮಕಿ, ಇಬ್ಬರು ಯೋಧರು ಹುತಾತ್ಮ. ಜಿಲ್ಲೆಯ ಹೆಸರು ತಮ್ಮನ ಕ್ಯಾಂಪು ಇರುವ ಜಿಲ್ಲೆಯದೇ. ನಾನು ರಸ್ತೆ ದಾಟಿ ಹೋಗಿ ನಿಂತೆ. ಹೆಸರು ಇನ್ನೂ ತಿಳಿದುಬಂದಿಲ್ಲ ಎಂದಿತು ಪಟ್ಟಿ. ಆಮೇಲೆ, ಮೃತರಲ್ಲಿ ಒಬ್ಬರು ದಕ್ಷಿಣ ಭಾರತದವರೆಂದು ಮಾಹಿತಿ ಎಂದಿತು. ಮಾಹಿತಿಯಂತೆ. ಅರ್ಧ ಮಾಹಿತಿ ಕೊಟ್ಟು ಜಾಹೀರಾತು ಹಾಕಿದರು. ಆ ಟಿವಿಯನ್ನು ಎತ್ತಿ ಚರಂಡಿಗೆ ಎಸೆಯುವಷ್ಟು ಸಿಟ್ಟು ಬಂತು.

ತಮ್ಮನ ನಂಬರು ಒತ್ತಿದೆ. ಬೇರೊಂದು ಕರೆಯಲ್ಲಿ ನಿರತರಾಗಿದ್ದಾರೆ ಎಂದಳು ಫೋನಿನೊಳಗಿನ ಹೆಂಗಸು. ಅಂದರೆ ಫೋನು ಆನ್ ಇದೆ. ಮಾತಾಡುತ್ತಿರುವವನು ಅವನೋ, ಅವನ ಫೋನಿನಿಂದ ಇನ್ನೊಬ್ಬನೋ? ಎರಡನೇ ಸಲ ಮಾಡಿದೆ. ಪೂರ್ತಿ ರಿಂಗ್ ಆಗಿ ನಿಂತಿತು. ಮೂರನೇ ಸಲವೂ ಹಾಗೇ. ಮೂರು ತಿಂಗಳಿಂದ ನನ್ನ ಫೋನು ಎತ್ತದವನು ಇವತ್ತೂ ಎತ್ತಲಿಲ್ಲ ಎಂದು ಧೈರ್ಯ ತಂದುಕೊಳ್ಳಬೇಕೋ, ಎತ್ತುವ ಕೈಯೇ ಇಲ್ಲವೆಂದು ತಿಳಿಯಬೇಕೋ ಗೊತ್ತಾಗಲಿಲ್ಲ. ಅಪ್ಪನಿಗೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಬ್ಯುಸಿ. ಅಪ್ಪ ಎಂದಾದರೂ ಗುರುವಾರ ಯಾರ ಜೊತೆಗಾದರೂ ಫೋನಿನಲ್ಲಿ ಮಾತಾಡಿದ್ದುಂಟೇ? ಪಕ್ಕದ ಮನೆಯಾಕೆಗೆ ಫೋನು ಮಾಡಿ ಸ್ವಲ್ಪ ನೋಡು ಎಂದೆ. ಅವಳು ಹೋಗಿ ನೋಡಿ ಬಂದು ದನಿ ತಗ್ಗಿಸಿ ಹೇಳಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆಯಂತೆ, ಕೂಗಿದರೆ ಉತ್ತರವಿಲ್ಲವಂತೆ, ಒಳಗೆ ಎಲ್ಲೋ ಫೋನು ಬಡಿದುಕೊಳ್ಳುತ್ತಲೇ ಇದೆಯಂತೆ. ಅವಳು ನಗಲಿಲ್ಲ. ಅದರಿಂದಲೇ ನನ್ನ ಜೀವ ಬಾಯಿಗೆ ಬಂತು.

ರೈಲಿಗೆ ಇನ್ನೂ ಹೊತ್ತಿತ್ತು. ಬಸ್ಸು ಹತ್ತಿದೆ. ಆ ಬಸ್ಸಿನ ಡ್ರೈವರು ಕೋರಮಂಡಲ್ ಸ್ಟಾಪಿನಲ್ಲಿ ಇಳಿದು ಯಾರದೋ ಕುಶಲ ವಿಚಾರಿಸಿಕೊಂಡು ಬೀಡಿ ಸೇದಿದ. ನಾನು ಕಿಟಕಿಯಿಂದ ತಲೆ ಹಾಕಿ ಬಾಯಿಗೆ ಬಂದಂತೆ ಬೈದೆ. ಜನ ತಿರುಗಿ ನೋಡಿದರು. ಒಬ್ಬಾಕೆ ಏನಾಯ್ತಮ್ಮ ಎಂದು ತಮಿಳಿನಲ್ಲಿ ಕೇಳಿದಳು. ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಭಯವಾಗಿ, ಹೊಟ್ಟೆನೋವು ಎಂದೆ. ಅವಳು ಸೊಂಟದ ಚೀಲದಿಂದ ಒಂದು ಚಿಟಿಕೆ ಓಮದ ಕಾಳು ತೆಗೆದು ಕೊಟ್ಟಳು. ಅದನ್ನು ಅಗಿಯುತ್ತ ಕೂತೆ. ಕಿಟಕಿಯಾಚೆ ಬೂದಿ ದಿಬ್ಬ ಬಂತು, ಹೋಯಿತು. ನಾನು ಆ ಕಡೆ ನೋಡಲಿಲ್ಲ. ಇನ್ನೊಂದು ಸುತ್ತು, ಇನ್ನೊಂದು ಸುತ್ತು ಎಂದು ನನ್ನದೇ ದನಿ ಕಿವಿಯಲ್ಲಿತ್ತು. ದೇವರೇ, ಅವನನ್ನು ಉಳಿಸು, ಅವನು ಬಂದು ಇಸ್ಪೀಟೇ ಆಡಲಿ, ಜೀವನಪೂರ್ತಿ ನಾನು ಅನ್ನ ಹಾಕುತ್ತೇನೆ ಎಂದುಕೊಂಡೆ.

ಮನೆಯ ಮುಂದೆ ನಾಲ್ಕೈದು ಹೆಂಗಸರು ಸೇರಿದ್ದರು. ನನ್ನನ್ನು ಕಂಡು ದಾರಿ ಬಿಟ್ಟರು. ಹಾಗೆ ದಾರಿ ಬಿಟ್ಟದ್ದು ನನಗೆ ಹಿಡಿಸಲಿಲ್ಲ. ಬಾಗಿಲು ಬಡಿದು, ಅಪ್ಪಾ, ತೆಗೆಯದಿದ್ದರೆ ಹಿಂದಿನ ಹೆಂಚು ತೆಗೆದು ಇಳಿಯುತ್ತೇನೆ ಎಂದೆ. ನಾನು ಹೇಳಿದ್ದನ್ನು ಮಾಡುವವಳೆಂದು ಅವರಿಗೆ ಗೊತ್ತು. ಚಿಲಕ ಸರಿಯಿತು. ನಾನು ಒಳಗೆ ಹೋದ ಕೂಡಲೇ ಅಪ್ಪ ಮತ್ತೆ ಚಿಲಕ ಹಾಕಿದರು.

ಫೋನು ಎಲ್ಲಿ ಎಂದು ಕೇಳಿದೆ. ಅವರು ಹೇಳಬೇಕಾಗಿರಲಿಲ್ಲ, ಅಕ್ಕಿ ಡಬ್ಬದೊಳಗೆ ಅದು ಗುರುಗುಟ್ಟುತ್ತಿತ್ತು. ಟವೆಲಿನಲ್ಲಿ ಸುತ್ತಿ, ಅಕ್ಕಿಯ ಒಳಗೆ ಹೂತು, ಮೇಲೆ ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಒಳಕಲ್ಲಿನ ಗುಂಡು ಇಟ್ಟಿದ್ದರು. ಬೆಳಗ್ಗೆ ಒಂಬತ್ತರಿಂದ ಬರುತ್ತಿದೆಯಂತೆ. ತಮ್ಮನ ನಂಬರೇ. ಮಿಸ್ಡ್ ಕಾಲ್ ಅಲ್ಲ, ಪೂರ್ತಿ ರಿಂಗು, ನಿಂತು ಮತ್ತೆ ಪೂರ್ತಿ ರಿಂಗು. ನನ್ನ ಮಗ ಆ ರೀತಿ ಮಾಡುವವನಲ್ಲ, ಅವನ ಫೋನಿನಿಂದ ಸುದ್ದಿ ಹೇಳಲು ಮಾಡುತ್ತಿರುವವನು ಆಫೀಸರು ಎಂದು ಅಪ್ಪ ತೀರ್ಮಾನ ಮಾಡಿಬಿಟ್ಟಿದ್ದರು. ನಾನು ಗುಂಡುಕಲ್ಲಿಗೆ ಕೈ ಹಾಕಿದೆ. ಅಪ್ಪ ನನ್ನ ಮುಂಗೈ ಹಿಡಿದುಕೊಂಡರು. ಎಪ್ಪತ್ತು ದಾಟಿದ ಆ ಕೈಯಲ್ಲಿ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ.

"ಎತ್ತುದ್ರೆ ಸುದ್ದಿ ಏಳ್ತಾರೆ ಕಣಮ್ಮ," ಎಂದರು. "ಎತ್ನಿಲ್ಲ ಅಂದ್ರೆ ಇನ್ನೂ ಏಳಿಲ್ಲ. ಸಂಜೆಗಂಟ ಅಂಗೇ ಇರ್ಲಿ."

ಅವರ ಕಣ್ಣಲ್ಲಿ ನೀರಿರಲಿಲ್ಲ. ಭಯವಿತ್ತು, ಹಟವಿತ್ತು. ನನಗೆ ಅವರ ಮೇಲೆ ಅಯ್ಯೋ ಎನಿಸಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನಿಮ್ಮ ಮಗನಾದರೆ ನನಗೆ ತಮ್ಮನಲ್ಲವಾ, ಆ ಕಾಡಿಗೆ ಕಳಿಸಿದ ಪಾಪ ನನ್ನದು, ಕೇಳುವ ಕಿವಿಯೂ ನನ್ನದೇ ಆಗಲಿ, ನೀವು ಬೇಕಾದರೆ ಹಿತ್ತಲಿಗೆ ಹೋಗಿ ಎಂದು ಕೂಗಾಡಿದೆ. ಅಪ್ಪನ ಹಿಡಿತ ಸಡಿಲವಾಯಿತು. ಅವರು ಹಿತ್ತಲಿಗೆ ಹೋಗಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತರು, ಜೇಬಿನ ಮೇಲೆ ಕೈ ಇಟ್ಟುಕೊಂಡು.

ಫೋನನ್ನು ಅಕ್ಕಿಯಿಂದ ತೆಗೆಯುವಷ್ಟರಲ್ಲಿ ರಿಂಗು ನಿಂತಿತ್ತು. ಇಪ್ಪತ್ತೇಳು ಕರೆ ಎಂದು ಪರದೆ ತೋರಿಸುತ್ತಿತ್ತು. ವಾಪಸು ಮಾಡಲು ನನಗೂ ಕೈ ಬರಲಿಲ್ಲ. ಹೊರಗೆ ಅಬ್ಬರಿಸಿದವಳು ಒಳಗೆ ಮೆತ್ತಗಾಗಿದ್ದೆ. ಮತ್ತೆ ಬರದೇ ಇರಲಿ ಎಂದು ಒಂದು ಕ್ಷಣ ನನಗೂ ಅನ್ನಿಸಿತು. ಬಂತು. ಒತ್ತಿದೆ. ಸ್ಪೀಕರಿಗೆ ಹಾಕಿದೆ. ಆ ಕಡೆ ಗಾಳಿಯ ಸದ್ದು, ಯಾರೋ ಹಿಂದಿಯಲ್ಲಿ ಏನೋ ಕೂಗುತ್ತಿರುವ ಸದ್ದು.

"ಅಪ್ಪಾ," ಎಂದ ನನ್ನ ತಮ್ಮ.

ನಾನು ಅವನನ್ನು ಬೈದೆ. ದೇವರಿಗೆ ಕೈಮುಗಿಯಲಿಲ್ಲ, ಅಳಲಿಲ್ಲ, ಮೊದಲು ಬೈದೆ. ಮನೆಹಾಳ, ಎರಡು ಮಿಸ್ಡ್ ಕಾಲ್ ಕೊಡಲು ನಿನಗೇನು ಬಂದಿತ್ತು ಧಾಡಿ, ಇಲ್ಲಿ ಇಬ್ಬರ ಪ್ರಾಣ ಹೋಗಿತ್ತಲ್ಲೋ ಎಂದೆ. ನಾನು ಆವತ್ತು ಅಂದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಬಂದುಬಿಡು ಎಂದೂ ಸೇರಿಸಿದೆ. ಅವನು ಎಲ್ಲ ಕೇಳಿಸಿಕೊಂಡು, ಅಕ್ಕ, ಅಪ್ಪನಿಗೆ ಕೊಡು ಎಂದಷ್ಟೇ ಹೇಳಿದ. ಅಪ್ಪ ಕೂತಲ್ಲಿಂದಲೇ ಕೈ ಚಾಚಿದರು. ನಾನು ಪಕ್ಕಕ್ಕೆ ಹೋಗಿ ಫೋನನ್ನು ಅವರ ಮುಂದೆ ಹಿಡಿದುಕೊಂಡು ಕೂತೆ.

ತಮ್ಮ ನಡೆದದ್ದನ್ನು ಹೇಳಿದ. ಮೂರು ದಿನ ನಡೆದು ಯಾರೂ ಸಿಗದೆ ವಾಪಸು ಬರುತ್ತಿದ್ದರಂತೆ. ಕ್ಯಾಂಪಿಗೆ ಒಂದು ಗಂಟೆಯ ದಾರಿ ಉಳಿದಿತ್ತು. ಬೆಳಕು ಹರಿದು ಸ್ವಲ್ಪ ಹೊತ್ತಾಗಿತ್ತು, ಒಂದು ಹಳ್ಳ ದಾಟುತ್ತಿದ್ದರು, ಶೂಸಿನೊಳಗೆ ನೀರು ಹೋಯಿತೆಂದು ಎಲ್ಲರೂ ಗೊಣಗುತ್ತಿದ್ದರು. ಆಗ ಎರಡು ಕಡೆಯಿಂದ ಗುಂಡು ಬಂತು. ಎಲ್ಲರೂ ಇದ್ದಲ್ಲೇ ಬೋರಲಾಗಿ ಬಿದ್ದರು. ಎಲ್ಲಿಂದ ಹೊಡೆಯುತ್ತಿದ್ದಾರೆಂದು ಗೊತ್ತಾಗಲಿಲ್ಲ, ಎಲೆ ಅಲುಗಿದ ಕಡೆಗೆಲ್ಲ ಇವರೂ ಹೊಡೆದರು. ಅರ್ಧ ಗಂಟೆಯೋ ಐದು ನಿಮಿಷವೋ, ಆಮೇಲೆ ಆ ಕಡೆ ಸುಮ್ಮನಾಯಿತು. ಇವನ ಮುಂದೆ ನಡೆಯುತ್ತಿದ್ದವನು ನೀರಿನಲ್ಲೇ ಉಳಿದ. ಆಂಧ್ರದ ಹುಡುಗ, ಇವನ ಪಕ್ಕದ ಮಂಚದವನು. ಇಡೀ ಕ್ಯಾಂಪಿನಲ್ಲಿ ತೆಲುಗು ಬರುವವರು ಇವರಿಬ್ಬರೇ ಆದ್ದರಿಂದ ಅಂಟಿಕೊಂಡೇ ಇರುತ್ತಿದ್ದರು. ಎರಡು ಮಿಸ್ಡ್ ಕಾಲ್ ಕೊಟ್ಟರೆ ನಾನು ನೆಟ್ಟಗೆ ಬಂದೆ ಎಂದಾಗುತ್ತದೆ, ಹಾಗೆ ಕೊಡಲು ಮನಸ್ಸು ಬರಲಿಲ್ಲ ಅಪ್ಪ ಎಂದ.

ಇವನು ಕ್ಯಾಂಪಿಗೆ ಬಂದಾಗ ಆ ಹುಡುಗನ ಫೋನು ದಿಂಬಿನ ಕೆಳಗೆ ಹೊಡೆದುಕೊಳ್ಳುತ್ತಿತ್ತಂತೆ. ಊರಲ್ಲಿ ತಾಯಿ ಟಿವಿ ನೋಡಿದ್ದಾಳೆ. ಪೊಲೀಸರು ಅವರ ಮನೆಗೆ ಹೋಗುವಷ್ಟರಲ್ಲಿ ಹೆಸರು ಟಿವಿಯಲ್ಲಿ ಬಂದುಬಿಡುತ್ತದೆ, ನಿನಗೆ ಭಾಷೆ ಬರುತ್ತದಲ್ಲ, ನೀನೇ ಹೇಳು ಎಂದು ಇವನ ಸಾಹೇಬರು ಫೋನನ್ನು ಇವನ ಕೈಗೆ ಕೊಟ್ಟಿದ್ದಾರೆ. ಆ ತಾಯಿ ಮಾಡುತ್ತಲೇ ಇದ್ದಾಳೆ, ಇವನು ಎತ್ತಿಲ್ಲ. ಅವಳದು ನಿಂತಾಗಲೆಲ್ಲ ಇವನು ಅಪ್ಪನಿಗೆ ಮಾಡಿದ್ದಾನೆ.

"ಎತ್ಲಾ ಬ್ಯಾಡ್ವಾ ಅಪ್ಪ?" ಎಂದು ಕೇಳಿದ. "ಎತ್ತಿ ಏನಂತ ಏಳ್ಲಿ?"

ನಾನು ನಲವತ್ತು ವರ್ಷದಲ್ಲಿ ಒಂದು ಸಲವೂ ಕೇಳಿರದ ಒಂದು ಸಂಗತಿಯನ್ನು ಅಪ್ಪ ಆಗ ಹೇಳಿದರು. ಗಣಿಯಲ್ಲಿ ಯಾರಾದರೂ ಸತ್ತರೆ ಆಫೀಸಿನ ಗುಮಾಸ್ತ ಮನೆಗೆ ಸುದ್ದಿ ಕೊಡಲು ಹೋಗುವಾಗ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದನಂತೆ. ಲೈನಿನಲ್ಲಿ ಒಂದು ಮನೆ ತಮಿಳು, ಒಂದು ಮನೆ ತೆಲುಗು, ಒಂದು ಮನೆ ಕನ್ನಡ, ಅಪ್ಪನಿಗೆ ಮೂರೂ ಬರುತ್ತಿದ್ದವು. ಅವರನ್ನು ಬೀದಿಯ ತುದಿಯಲ್ಲಿ ಕಂಡರೆ ಹೆಂಗಸರು ಚಿಲಕ ಹಾಕಿಕೊಳ್ಳುತ್ತಿದ್ದರಂತೆ. ಮೊದಲ ಸಲ ಒಬ್ಬಾಕೆಗೆ ಸತ್ತ ಎನ್ನಲು ಬಾಯಿ ಬರದೆ, ಏಟು ಬಿದ್ದಿದೆ, ಆಸ್ಪತ್ರೆಯಲ್ಲಿದ್ದಾನೆ ಎಂದುಬಿಟ್ಟರಂತೆ. ಆಕೆ ಗಂಜಿ ಕಾಯಿಸಿ, ಕ್ಯಾರಿಯರಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿ, ವಾರ್ಡು ವಾರ್ಡು ಹುಡುಕಿದಳಂತೆ.

"ಅಂಗೆ ಮಾಡ್ಬ್ಯಾಡ ಕಣ್ಲಾ," ಎಂದರು ಅಪ್ಪ. "ಎತ್ತು. ಮನೇಲಿ ಜೊತೆಗೆ ಯಾರವ್ರೆ ಅಂತ ಮೊದ್ಲು ಕೇಳು. ಕೂತ್ಕೊಳಮ್ಮ ಅನ್ನು. ಆಮೇಕೆ ಒಂದೇ ಮಾತ್ನಾಗೆ ಏಳ್ಬುಡು. ಏಳಿದ್ಮೇಲೆ ಫೋನ್ ಮಡಗ್ಬ್ಯಾಡ. ಆಯಮ್ಮ ಮಡಗೋಗಂಟ ನೀನು ಮಡಗ್ಬ್ಯಾಡ."

ಇಷ್ಟು ಹೇಳುವಷ್ಟರಲ್ಲಿ ಆ ಕಡೆ ಇನ್ನೊಂದು ಫೋನು ಹೊಡೆದುಕೊಳ್ಳುವುದು ನಮಗೆ ಕೇಳಿಸಿತು. ತಮ್ಮ, ನೀನು ಲೈನಿನಲ್ಲೇ ಇರು ಅಪ್ಪ ಎಂದ. ತನ್ನ ಫೋನನ್ನು ಸ್ಪೀಕರಿಗೆ ಹಾಕಿ ಮಂಚದ ಮೇಲೆ ಇಟ್ಟನೆಂದು ಕಾಣುತ್ತದೆ. ಆ ಇನ್ನೊಂದರ ರಿಂಗು ನಿಂತಿತು, ಅದನ್ನೂ ಸ್ಪೀಕರಿಗೆ ಹಾಕಿರಬೇಕು. ಅವನು ಅಮ್ಮಾ ಎಂದ. ಮುಂದಿನ ಮಾತು ಅವನ ಬಾಯಿಂದ ಬರುವ ಮೊದಲೇ ಒಂದು ಹೆಂಗಸಿನ ದನಿ ಓಡಿ ಬಂತು, ಸಣ್ಣಗೆ, ಸ್ಪಷ್ಟವಾಗಿ. ತನ್ನ ಮಗನೇ ಎತ್ತಿದನೆಂದು ತಿಳಿದಿದ್ದಳು.

"ತಿನ್ನಾವಾ ನಾಯನಾ?"

ಊಟ ಮಾಡಿದೆಯಾ ಕಂದಾ ಎಂದು. ಇಷ್ಟು ಹೊತ್ತು ಒದ್ದಾಡಿ, ಫೋನು ಸಿಕ್ಕಿದ ಮೇಲೆ ಅವಳು ಕೇಳಿದ್ದು ಅದನ್ನೇ.

"ತಿನ್ನಾನಮ್ಮಾ," ಎಂದ ನನ್ನ ತಮ್ಮ.

ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಅಪ್ಪ ಮುಂದಕ್ಕೆ ಬಾಗಿ, ಫೋನಿನ ಹತ್ತಿರ ಬಾಯಿ ತಂದರು. ತಮ್ಮನಿಗೆ ಕೇಳಿಸಲಿ, ಆ ತಾಯಿಗೆ ಕೇಳಿಸದಿರಲಿ ಎನ್ನುವಷ್ಟು ಮೆಲ್ಲಗೆ, ಈಗ ಹೇಳಪ್ಪ ಎಂದರು. ಆ ಕಡೆ ಅವನು ಮೂಗು ಒರೆಸಿಕೊಂಡ. ಮನೆಯಲ್ಲಿ ಜೊತೆಗೆ ಯಾರಿದ್ದಾರಮ್ಮಾ ಎಂದು ತೆಲುಗಿನಲ್ಲಿ ಕೇಳಿದ. ಯಾರೂ ಇಲ್ಲ, ಒಬ್ಬಳೇ ಇದ್ದೇನೆ ಎಂದಳು ಆಕೆ.